ಹಿನ್ನೀರಿನ ನಡುಗಡ್ಡೆಗಳಲ್ಲಿ ಯಾರಿದ್ದಾರೆ?

ಶರಾವತಿಯ ಲಿಂಗನಮಕ್ಕಿ ಜಲಾಶಯ ತುಂಬಿತು ಅಂದ್ರೆ ಸಾಕು, ನಮ್ಮ ಕಡೆಯವರ ವಾಟ್ಸಾಪ್ ಸ್ಟೇಟಸ್‌ಗಳಲ್ಲಿ ಡ್ರೋನ್ ವಿಡಿಯೊ ಶುರುವಾಗುತ್ತದೆ. ನೀಲಿ ನೀರು, ನಡುನಡುವೆ ಹಸಿರು ನಡುಗಡ್ಡೆ, ಹಿನ್ನೆಲೆಗೆ ಯಾವುದೋ ಸಿನಿಮಾ ಹಾಡು. ಕೆಳಗೆ "ನಮ್ಮ ಮಾಲ್ಡೀವ್ಸ್" ಅಂತ ಒಂದು ಸಾಲು. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಉದ್ಘಾಟನೆಯಾದ ಮೇಲಂತೂ ಇವಕ್ಕೆ ಲೆಕ್ಕವೇ ಇಲ್ಲ. ಚೆಂದ ಇದೆ, ಇಲ್ಲ ಅನ್ನುವುದಿಲ್ಲ. ನಾನೂ ನೋಡುತ್ತೇನೆ, ಬೆಂಗಳೂರಿನ ಗೆಳೆಯರಿಗೆ ಕಳಿಸಿ ಹೊಟ್ಟೆ ಉರಿಸುತ್ತೇನೆ.

ಆದರೆ ಆ ನಡುಗಡ್ಡೆಗಳನ್ನು ನೋಡಿದಾಗಲೆಲ್ಲ ಒಂದು ಪ್ರಶ್ನೆ ಕೊರೆಯುತ್ತದೆ. ಅಲ್ಲಿ ಈಗ ಯಾರಿದ್ದಾರೆ? ಮರ ಇದೆ, ಸರಿ. ಮರದ ಮೇಲೆ ಯಾರು? ಮರದ ಬುಡದಲ್ಲಿ ಯಾರು? ಡ್ರೋನ್‌ಗೆ ಹಸಿರು ಮಾತ್ರ ಕಾಣುತ್ತದೆ. ಹಸಿರು ಇದ್ದ ಮೇಲೆ ಕಾಡು ಚೆನ್ನಾಗಿದೆ ಅಂತ ನಾವು ಅಂದುಕೊಂಡು ಬಿಡುತ್ತೇವೆ.

ಅವು ಹುಟ್ಟಾ ನಡುಗಡ್ಡೆಗಳಲ್ಲ. ಗುಡ್ಡದ ನೆತ್ತಿಗಳು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ಶರಾವತಿ ಕಣಿವೆಯ ಸುಮಾರು 300 ಚದರ ಕಿಲೋಮೀಟರ್ ನೆಲ ನೀರಿನಡಿ ಹೋಯಿತು. ಗದ್ದೆ, ತೋಟ, ಮನೆ, ದೇವಸ್ಥಾನ, ಕಾಡು, ಎಲ್ಲ. ಅದಕ್ಕೂ ಮೊದಲು, 1948ರಲ್ಲಿ ಕಟ್ಟಿದ್ದ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟನ್ನೂ ಈ ಹೊಸ ಅಣೆಕಟ್ಟು ನುಂಗಿತು. ಮುಳುಗಡೆ ಊರುಗಳ ಕಥೆ ನಮ್ಮಲ್ಲಿ ಬೇಕಾದಷ್ಟು ಜನ ಹೇಳಿದ್ದಾರೆ, ಇನ್ನೂ ಹೇಳುತ್ತಿದ್ದಾರೆ. ಹೇಳಲೇಬೇಕು. ನಾನು ಇಲ್ಲಿ ಬರೆಯಲು ಹೊರಟಿದ್ದು ಪರಿಹಾರದ ಅರ್ಜಿ ಹಾಕಲಾರದ ಪ್ರಾಣಿಗಳ ಬಗ್ಗೆ.

ಮೇ ತಿಂಗಳಲ್ಲಿ ಹೊನ್ನೆಮರಡಿನ ಕಡೆ ಹಿನ್ನೀರಿಗೆ ಇಳಿದು ನೋಡಿ. ನೀರು ಹಿಂದೆ ಸರಿದ ಜಾಗದಲ್ಲಿ ಮರದ ಬೊಡ್ಡೆಗಳು ನಿಂತಿರುತ್ತವೆ. ಅರವತ್ತು ವರ್ಷದ ಮೇಲಾದರೂ ಕೊಳೆತಿಲ್ಲ. ವರ್ಷಾ ವರ್ಷಾ ಏರಿ ಇಳಿಯುವ ನೀರು ಬುಡದ ಮಣ್ಣನ್ನೆಲ್ಲ ಕೊಚ್ಚಿದೆ. ಹಾಗಾಗಿ ಬೇರುಗಳು ಬಯಲಾಗಿ, ಜೇಡದ ಕಾಲಿನ ಹಾಗೆ ನೆಲದಿಂದ ಮೇಲೆದ್ದಿವೆ. ಒಂದೆರಡು ಬೊಡ್ಡೆಯ ಸುತ್ತಳತೆ ನೋಡಿದರೆ ಗೊತ್ತಾಗುತ್ತದೆ, ಅಲ್ಲಿದ್ದಿದ್ದು ಸಣ್ಣ ಮರವಲ್ಲ. ಅಲ್ಲಿಂದ ತಲೆ ಎತ್ತಿ ಮೇಲಿನ ಗುಡ್ಡ ನೋಡಿ. ಅಲ್ಲಿನ ಮರಗಳಿಗೆ ಅಷ್ಟು ಗಾತ್ರ ಇಲ್ಲ.

ಈ ಒಂದು ವ್ಯತ್ಯಾಸ ಗಮನಿಸಿದರೆ ಅರ್ಧ ವಿಷಯ ಅರ್ಥವಾದ ಹಾಗೆ. ಅಣೆಕಟ್ಟು ಕಾಡಿನಲ್ಲಿ ಯಾವುದೋ ಒಂದು ತುಂಡನ್ನು ಮುಳುಗಿಸುವುದಿಲ್ಲ. ಹುಡುಕಿ ಹುಡುಕಿ ಕಣಿವೆಯ ತಳವನ್ನೇ ಮುಳುಗಿಸುತ್ತದೆ. ಮಲೆನಾಡಿನಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗುಡ್ಡದ ನೆತ್ತಿಯಲ್ಲಿ ಕಲ್ಲು, ಜಂಬಿಟ್ಟಿಗೆ, ಹುಲ್ಲು. ಕೆಳಗೆ ಹೋದಷ್ಟೂ ಮಣ್ಣು ಆಳ, ತಂಪು ಜಾಸ್ತಿ, ಬೇಸಿಗೆಯಲ್ಲೂ ಹಳ್ಳದಲ್ಲಿ ನೀರು. ದೊಡ್ಡ ಮರಗಳು ಅಲ್ಲೇ. ಮೇಲೆಲ್ಲ ಒಣಗಿದಾಗ ಹಣ್ಣು, ನೀರು, ನೆರಳು ಹುಡುಕಿಕೊಂಡು ಪ್ರಾಣಿಗಳು ಇಳಿದು ಬರುವುದೂ ಅಲ್ಲಿಗೇ. ಮುಳುಗಡೆಗೆ ಬದಲಾಗಿ ಇನ್ನೆಲ್ಲೋ ಗುಡ್ಡದ ಮೇಲೆ ಅಷ್ಟೇ ಎಕರೆಯಲ್ಲಿ ಗಿಡ ನೆಟ್ಟರೆ ಕಾಗದದ ಲೆಕ್ಕ ಸರಿಹೋಗಬಹುದು. ಅದರಲ್ಲೂ ಅಕೇಶಿಯಾ ನೆಟ್ಟು ಕಾಡು ಬೆಳೆಸಿದೆವು ಅನ್ನುವವರ ಹತ್ತಿರ ವಾದ ಮಾಡುವುದನ್ನು ನಾನು ಬಿಟ್ಟಿದ್ದೇನೆ.

ಕಣಿವೆಯ ತಳದಲ್ಲಿ ಏನಿರುತ್ತದೆ ಅನ್ನುವುದಕ್ಕೆ ಶರಾವತಿ ಕಣಿವೆಯಲ್ಲೇ ಇನ್ನೂ ಉಳಿದಿರುವ ಒಂದು ಜಾಗ ನೋಡಬಹುದು. ಜೋಗದಿಂದ ಹೊನ್ನಾವರಕ್ಕೆ ಇಳಿಯುವ ದಾರಿಯ ಕತ್ತಲೆಕಾನು. ಅಲ್ಲಿ ರಾಮಪತ್ರೆ ಜಡ್ಡಿಗಳಿವೆ. ವರ್ಷವಿಡೀ ಹಳ್ಳದ ನೀರು ಜಿನುಗುವ ಕೆಸರು ನೆಲ. ಅದರಲ್ಲಿ ನಿಂತ ಮರಗಳು ಉಸಿರಾಡಲು ಬೇರನ್ನು ಕೆಸರಿನಿಂದ ಮೇಲೆತ್ತಿ, ಮಂಡಿಯಂತೆ ಬಾಗಿಸಿ, ಮತ್ತೆ ಒಳಗೆ ಇಳಿಸುತ್ತವೆ. ಇವು ತುಂಬಾ ಹಳೆಯ ಕಾಡುಗಳ ಉಳಿಕೆ. ಗುಡ್ಡದ ಮೇಲೆ ಬೆಳೆಯುವುದಿಲ್ಲ, ಇಳಿಜಾರಿನಲ್ಲೂ ಬೆಳೆಯುವುದಿಲ್ಲ. ತಗ್ಗಿನ ಹಳ್ಳ ಬೇಕೇ ಬೇಕು. ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಅನ್ನುವ ಮರವನ್ನು ಇಲ್ಲಿಂದಲೇ 2000ದಲ್ಲಿ ಹೊಸ ಜಾತಿ ಎಂದು ಗುರುತಿಸಿದರು. ಊರಿನ ಹೆಸರೇ ಮರಕ್ಕೆ ಬಂದಿದೆ.

ಅದೇ ಕಾಡಿನ ಹಳ್ಳದಲ್ಲಿ ಒಂದು ಕಪ್ಪೆ ಇದೆ. 2014ರಲ್ಲಿ ವಿಜ್ಞಾನಕ್ಕೆ ಹೊಸದಾಗಿ ಪರಿಚಯವಾಯಿತು, ಹೆಸರು ಕುಂಬಾರ ಕಪ್ಪೆ. ಹೆಣ್ಣು ನೀರಿನ ಮೇಲೆ ಬಾಗಿದ ಕಡ್ಡಿಗೋ ಕಲ್ಲಿಗೋ ಮೊಟ್ಟೆ ಅಂಟಿಸುತ್ತದೆ. ಆಮೇಲೆ ಗಂಡು ಹಳ್ಳದ ತಳದಿಂದ ಮುಂಗೈಯಲ್ಲಿ ಕೆಸರು ಎತ್ತಿಕೊಂಡು, ಹಿಂಗಾಲ ಮೇಲೆ ನಿಂತು, ಮೊಟ್ಟೆಗಳಿಗೆ ಮೆತ್ತುತ್ತದೆ. ಮತ್ತೆ ಬಗ್ಗಿ ಕೆಸರು ಎತ್ತುತ್ತದೆ, ಮತ್ತೆ ಮೆತ್ತುತ್ತದೆ. ಮೊಟ್ಟೆ ಒಣಗಬಾರದು, ಬೇರೆ ಯಾರ ಕಣ್ಣಿಗೂ ಬೀಳಬಾರದು, ಅದಕ್ಕಿರಬೇಕು. ಈ ಕೆಲಸಕ್ಕೆ ಸಣ್ಣಗೆ ಹರಿಯುವ ಹಳ್ಳ ಬೇಕು. ನೂರು ಅಡಿ ಆಳದ ನಿಂತ ನೀರು ಯಾವ ಪ್ರಯೋಜನಕ್ಕೂ ಇಲ್ಲ.

ಶರಾವತಿಯ ಮೀನುಗಳದ್ದೂ ಇದೇ ಕಥೆ. 2004ರಲ್ಲಿ ಬಟಾಸಿಯೊ ಶರಾವತಿಯೆನ್ಸಿಸ್, 2006ರಲ್ಲಿ ಸ್ಕಿಸ್ಟುರಾ ಪಂಗಡದ ಎರಡು, ಒಂದಕ್ಕೆ ಶರಾವತಿಯ ಹೆಸರು, ಇನ್ನೊಂದಕ್ಕೆ ನಾಗೋಡಿಯ ಹೆಸರು. ಹೀಗೆ ಹೊಸ ಜಾತಿಗಳು ಸಿಕ್ಕವು. ಸಿಕ್ಕಿದ್ದು ಜಲಾಶಯದ ಮೇಲ್ಭಾಗದ, ಇನ್ನೂ ಹರಿಯುತ್ತಿರುವ ಹೊಳೆ ಹಳ್ಳಗಳಲ್ಲಿ. ಅಣೆಕಟ್ಟು ಕಟ್ಟಿ ನಲವತ್ತು ವರ್ಷ ಆದ ಮೇಲೆ! ಕೆಳಗೆ ಮುಳುಗಿದ ಹಳ್ಳಗಳಲ್ಲಿ ಏನೇನಿತ್ತು ಎಂದು ಅಣೆಕಟ್ಟಿಗೆ ಮೊದಲು ಯಾರೂ ಪಟ್ಟಿ ಮಾಡಿರಲಿಲ್ಲ. ಆಗಿನ ಕಾಲಕ್ಕೆ ಅದು ಯಾರಿಗೂ ಹೊಳೆಯುವ ವಿಷಯವೂ ಆಗಿರಲಿಲ್ಲ ಬಿಡಿ.

ಸರಿ, ನೀರು ಏರುವಾಗ ಪ್ರಾಣಿಗಳು ಓಡಿ ಹೋಗುವುದಿಲ್ಲವೇ? ಎಲ್ಲರೂ ಕೇಳುವ ಪ್ರಶ್ನೆ. ಕೆಲವು ಓಡುತ್ತವೆ. ಆದರೆ ನೀರು ಪ್ರವಾಹದ ಹಾಗೆ ನುಗ್ಗುವುದಿಲ್ಲ, ದಿನಾ ಒಂದಿಷ್ಟು ಏರುತ್ತದೆ. ಪ್ರಾಣಿಗಳೂ ದಿನಾ ಒಂದಿಷ್ಟು ಮೇಲೆ ಹತ್ತುತ್ತವೆ. ಹತ್ತಿದ ಗುಡ್ಡ ಕೊನೆಗೆ ನಡುಗಡ್ಡೆಯಾದಾಗಲೇ ಸಿಕ್ಕಿಬಿದ್ದಿದ್ದು ತಿಳಿಯುವುದು. ದಕ್ಷಿಣ ಅಮೆರಿಕದ ಸುರಿನಾಮ್‌ನಲ್ಲಿ 1964ರಲ್ಲಿ, ಅಂದರೆ ಲಿಂಗನಮಕ್ಕಿ ಮುಗಿದ ವರ್ಷವೇ, ಬ್ರೊಕೊಪೊಂಡೊ ಜಲಾಶಯ ತುಂಬಲು ಶುರುವಾಯಿತು. ಆಗ ಒಂದು ಪ್ರಾಣಿ ದಯಾ ಸಂಸ್ಥೆಯವರು ದೋಣಿಗಳಲ್ಲಿ ಹೋಗಿ, ಮರ ಹತ್ತಿ ಕೂತಿದ್ದ, ಬಲು ನಿಧಾನಕ್ಕೆ ಚಲಿಸುವ ಸ್ಲಾತ್‌ಗಳನ್ನು, ಮೈಮೇಲೆ ಚಿಪ್ಪಿರುವ ಆರ್ಮಡಿಲ್ಲೊಗಳನ್ನು, ಮುಳ್ಳುಹಂದಿಗಳನ್ನು ಹಿಡಿದು ದಡಕ್ಕೆ ತಂದರು. ಹತ್ತಿರ ಹತ್ತಿರ ಹತ್ತು ಸಾವಿರ ಪ್ರಾಣಿಗಳು. ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು.

ಥಾಯ್ಲೆಂಡಿನಲ್ಲೂ ಹೀಗೇ ಒಂದು ಪ್ರಯತ್ನ ನಡೆಯಿತು. 1986ರ ಹೊತ್ತಿಗೆ ಅಲ್ಲಿನ ದಕ್ಷಿಣದ ಕಾಡಿನಲ್ಲಿ ಚಿಯಾವ್ ಲಾನ್ ಜಲಾಶಯ ತುಂಬುತ್ತಿತ್ತು. ಸ್ಯೂಬ್ ನಾಕಸಾಥಿಯೆನ್ ಎಂಬ ಅರಣ್ಯಾಧಿಕಾರಿಯ ತಂಡ ಸಾವಿರಕ್ಕೂ ಹೆಚ್ಚು ಪ್ರಾಣಿಗಳನ್ನು ನೀರಿನಿಂದ ಎತ್ತಿತು. ನನಗೆ ಮುಖ್ಯ ಅನಿಸಿದ್ದು ಆಮೇಲೆ ಆತ ಮಾಡಿದ್ದು. ತನ್ನದೇ ರಕ್ಷಣಾ ಕಾರ್ಯ ನೋಡಿ ಆತ ಹಿಗ್ಗಲಿಲ್ಲ. ಹೀಗೆ ಹಿಡಿದು ಬಿಟ್ಟರೆ ಕಾಡು ಉಳಿಯುವುದಿಲ್ಲ ಎಂದು ಖಾತ್ರಿಯಾಗಿ, ನಾಮ್ ಚೋನ್ ಎನ್ನುವ ಮುಂದಿನ ಅಣೆಕಟ್ಟು ಯೋಜನೆಯ ವಿರುದ್ಧ ನಿಂತ. 1988ರಲ್ಲಿ ಆ ಯೋಜನೆಯನ್ನು ಅಲ್ಲಿನ ಸರಕಾರ ಕೈಬಿಟ್ಟಿತು. ಆತ ಹೇಳಿದ್ದರಲ್ಲಿ ಅರ್ಥವಿದೆ. ಹಿಡಿದು ತಂದ ಪ್ರಾಣಿಯನ್ನು ಬಿಡುವ ಕಾಡು ಖಾಲಿ ಇರುವುದಿಲ್ಲ. ಅಲ್ಲೂ ಆಗಲೇ ಅದೇ ಜಾತಿಯ ಪ್ರಾಣಿಗಳಿರುತ್ತವೆ, ಅವಕ್ಕೂ ಅವುಗಳದೇ ಜಾಗ, ಅವುಗಳದೇ ಹಣ್ಣಿನ ಮರ. ಹೊಸದಾಗಿ ಬಂದದ್ದಕ್ಕೆ ಜಾಗ ಬಿಟ್ಟುಕೊಡುವವರು ಯಾರು?

ಇಷ್ಟಾದರೂ, ಮುಳುಗುವ ದಿನ ಸಾಯುವ ಪ್ರಾಣಿಗಳು ಈ ಕಥೆಯ ಸಣ್ಣ ಭಾಗ. ಎದ್ದು ಕಾಣುವುದರಿಂದ ಅದನ್ನೇ ದೊಡ್ಡದು ಅಂದುಕೊಳ್ಳುತ್ತೇವೆ. ದೊಡ್ಡ ಭಾಗ ಶುರುವಾಗುವುದು ಎಲ್ಲ ಮುಗಿದು, ಫೋಟೊ ತೆಗೆಯುವವರು ಮನೆಗೆ ಹೋದ ಮೇಲೆ.

ಚಿಯಾವ್ ಲಾನ್‌ನಲ್ಲಿ ನೂರಕ್ಕೂ ಹೆಚ್ಚು ನಡುಗಡ್ಡೆಗಳಾದವು. ಸಂಶೋಧಕರು ಅವುಗಳಲ್ಲಿ ಕೆಲವನ್ನು ಆರಿಸಿಕೊಂಡು ಇಲಿ, ಅಳಿಲು ತರಹದ ಸಣ್ಣ ಪ್ರಾಣಿಗಳನ್ನು ಎಣಿಸಿದರು. ನೀರು ನಿಂತು ಐದಾರು ವರ್ಷಕ್ಕೆ ಒಮ್ಮೆ, ಇಪ್ಪತ್ತೈದು ವರ್ಷಕ್ಕೆ ಮತ್ತೊಮ್ಮೆ. ಇಪ್ಪತ್ತೈದು ಎಕರೆಗಿಂತ ಸಣ್ಣ ನಡುಗಡ್ಡೆಗಳಲ್ಲಿ ಮೊದಲ ಐದಾರು ವರ್ಷದಲ್ಲೇ ಕಾಡಿನ ಮೂಲ ನಿವಾಸಿಗಳು ಹೆಚ್ಚುಕಡಿಮೆ ಹೋಗಿಯಾಗಿತ್ತು. ಅದಕ್ಕಿಂತ ದೊಡ್ಡವು, ಅಂದರೆ ನೂರನಲವತ್ತು ಎಕರೆವರೆಗಿನವು, ಆಗ ಸ್ವಲ್ಪ ವಾಸಿ ಇದ್ದವು. ಇಪ್ಪತ್ತೈದು ವರ್ಷಕ್ಕೆ ಹೋಗಿ ನೋಡಿದರೆ ಅವೂ ಖಾಲಿ. ಬೋನಿಗೆ ಬಿದ್ದಿದ್ದು ಬಹುಪಾಲು ಒಂದೇ ಜಾತಿ, ಹೊಲ ತೋಟಗಳ ಸುತ್ತ ಇರುವ ಒಂದು ಇಲಿ. ದಟ್ಟ ಕಾಡಿನದ್ದಲ್ಲ ಅದು, ಹೊರಗಿನಿಂದ ಬಂದು ಸೇರಿಕೊಂಡಿದ್ದು. ಈ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಇಷ್ಟೆಲ್ಲ ಆಗಿದ್ದು ಸುತ್ತಲೂ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನ ಇರುವ ಜಾಗದಲ್ಲಿ. ಈಗ ಅದು ದೊಡ್ಡ ಪ್ರವಾಸಿ ತಾಣ. ನೀರಿನ ಮೇಲೆ ತೇಲುವ ಕೋಣೆಗಳಿವೆ, ಹಸಿರು ಗುಡ್ಡಗಳ ಫೋಟೊಗಳಿವೆ. ಎಲ್ಲೋ ನೋಡಿದ ಹಾಗಿದೆ ಅಲ್ವಾ?

ಬ್ರೆಜಿಲ್‌ನ ಬಾಲ್ಬಿನಾ ಇದರ ದೊಡ್ಡಣ್ಣ. ಅಮೆಜಾನ್ ಕಾಡಿನ ಉವಾಟುಮಾ ನದಿಗೆ ಕಟ್ಟಿದ ಅಣೆಕಟ್ಟು. 1987ರ ಅಕ್ಟೋಬರಿನಲ್ಲಿ ಬಾಗಿಲು ಹಾಕಿದರು. ಅಲ್ಲಿನ ನೆಲ ನಮ್ಮ ಘಟ್ಟದ ಹಾಗೆ ಕಡಿದಾಗಿಲ್ಲ, ಹರಡಿಕೊಂಡ ಸಣ್ಣ ದಿಬ್ಬಗಳು. ಹಾಗಾಗಿ ನೀರು ಸುಮ್ನೆ ಹರಡುತ್ತಾ ಹೋಯಿತು. ಎರಡು ಸಾವಿರ ಚದರ ಕಿಲೋಮೀಟರಿಗೂ ಮೀರಿ ಕಾಡು ಮುಳುಗಿ 3,546 ನಡುಗಡ್ಡೆಗಳಾದವು. ವೈಮಿರಿ ಅತ್ರೋವರಿ ಎಂಬ ಆದಿವಾಸಿಗಳ ನೆಲವೂ ಹೋಯಿತು. ಇಷ್ಟಕ್ಕೆ ಸಿಕ್ಕಿದ್ದು 250 ಮೆಗಾವಾಟ್.

ಮೈರಾ ಬೆಂಚಿಮೊಲ್ ಮತ್ತು ಕಾರ್ಲೊಸ್ ಪೆರೆಸ್ ಎಂಬ ಇಬ್ಬರು ಸಂಶೋಧಕರು ಅಲ್ಲಿನ 37 ನಡುಗಡ್ಡೆಗಳಲ್ಲಿ ನಡೆದು, ಹೆಜ್ಜೆ ಗುರುತು ನೋಡಿ, ಕ್ಯಾಮೆರಾ ಟ್ರಾಪ್ ಇಟ್ಟು ಪ್ರಾಣಿಗಳ ಲೆಕ್ಕ ತೆಗೆದರು. ಜಾಗ್ವಾರ್, ಟೇಪಿರ್, ಮಂಗಗಳು, ದೊಡ್ಡ ಆಮೆ, ನೆಲದ ಮೇಲೆ ಓಡಾಡುವ ಹಕ್ಕಿಗಳು ಹೀಗೆ 35 ಜಾತಿ. ಆ ಲೆಕ್ಕವನ್ನು ಇಡೀ ಜಲಾಶಯಕ್ಕೆ ಹಿಗ್ಗಿಸಿ ನೋಡಿದಾಗ, ಈ 35ರಲ್ಲಿ ಐದನೇ ನಾಲ್ಕು ಪಾಲು ಜಾತಿಗಳನ್ನಾದರೂ ಉಳಿಸಿಕೊಂಡಿರಬಹುದಾದ ನಡುಗಡ್ಡೆಗಳು ಬರೀ 25. 3,546ರಲ್ಲಿ 25! ಅಷ್ಟು ಜಾತಿ ಉಳಿಯಬೇಕೆಂದರೆ ನಡುಗಡ್ಡೆ 475 ಹೆಕ್ಟೇರಿಗಿಂತ ದೊಡ್ಡದಿರಬೇಕು. ನಮ್ಮ ಲೆಕ್ಕದಲ್ಲಿ ಸಾವಿರದ ನೂರೆಪ್ಪತ್ತು ಎಕರೆ ಆಯಿತು. ಇಲ್ಲೂ ಬೇಟೆಗಾರರನ್ನು ಬೈಯುವ ಹಾಗಿಲ್ಲ. ಮುಳುಗಡೆಗೆ ಪರಿಹಾರ ಎಂದು 1990ರಲ್ಲಿ ಅಲ್ಲೊಂದು ದೊಡ್ಡ ಸಂರಕ್ಷಿತ ಕಾಡು ಘೋಷಿಸಿದ್ದರು, ನಡುಗಡ್ಡೆಗಳ ಒಂದು ಭಾಗವೂ ಅದರೊಳಗೇ ಇದೆ. ಕಾವಲು ಇತ್ತು. ಪ್ರಾಣಿ ಇರಲಿಲ್ಲ.

ಯಾಕೆ ಹೀಗಾಗುತ್ತದೆ? ನಡುಗಡ್ಡೆಯಾದ ಮರುದಿನ ಎಲ್ಲವೂ ಅಲ್ಲೇ ಇರುತ್ತವೆ. ನೋಡಿದವರು ಪರವಾಗಿಲ್ಲ, ಕಾಡು ಉಳಿಯಿತು ಅನ್ನುತ್ತಾರೆ. ಆದರೆ ಅದು ಕೈಗಡ ಪಡೆದ ದುಡ್ಡಲ್ಲಿ ನಡೆಸುವ ಸಂಸಾರ. ಹತ್ತು ಮಂಗಗಳಿಗೆ ಆಗುವಷ್ಟು ಹಣ್ಣು ಮಾರ್ಚ್‌ನಲ್ಲಿ ಸಿಗಬಹುದು, ಜುಲೈನಲ್ಲಿ ಸಿಗುವುದಿಲ್ಲ. ಮೊದಲಾದರೆ ಪಕ್ಕದ ಕಣಿವೆಗೆ ಹೋಗುತ್ತಿದ್ದವು. ಈಗ ಪಕ್ಕದಲ್ಲಿ ನೀರು. ಗುಂಪಿನಲ್ಲಿ ನಾಲ್ಕೈದು ಉಳಿದ ಮೇಲೆ ಒಂದು ಕಾಯಿಲೆಯೋ ಒಂದು ಕೆಟ್ಟ ಬೇಸಿಗೆಯೋ ಸಾಕು. ಅಂಚಿನ ಮರಗಳಿಗೆ ನಾಲ್ಕೂ ಕಡೆಯಿಂದ ಗಾಳಿ, ಬಿಸಿಲು. ದೊಡ್ಡವು ಒಂದೊಂದಾಗಿ ಉರುಳುತ್ತವೆ. ರಾಮಪತ್ರೆಯಂಥ ದಪ್ಪ ಬೀಜದ ಮರಕ್ಕೆ ಬೀಜ ಒಯ್ಯುವ ಹಕ್ಕಿ ಬರದಿದ್ದರೆ ಮರಿಗಿಡ ಬೇರೆ ಕಡೆ ಏಳುವುದಿಲ್ಲ. ಮರ ಇನ್ನೂ ನಿಂತಿರುತ್ತದೆ, ಅದರ ವಂಶ ನಿಂತುಹೋಗಿರುತ್ತದೆ. ಇದೆಲ್ಲ ಐವತ್ತು, ನೂರು ವರ್ಷ ಎಳೆಯುವ ಕೆಲಸ. ಪರಿಸರ ಪರಿಣಾಮ ವರದಿ ಬರೆಯುವವರಿಗೆ ಅಷ್ಟು ಪುರಸೊತ್ತು ಎಲ್ಲಿದೆ?

ಕೆಲವೊಮ್ಮೆ ಉಲ್ಟಾ ಆಗುವುದೂ ಉಂಟು. ವೆನೆಜುವೆಲಾದಲ್ಲಿ ಕರೋನಿ ನದಿಗೆ ಕಟ್ಟಿದ ಗುರಿ ಜಲಾಶಯ 1986ರಲ್ಲಿ ಪೂರ್ತಿ ತುಂಬಿತು. ಅಲ್ಲಿನ ಪುಟ್ಟ ನಡುಗಡ್ಡೆಗಳಿಂದ ಮೊದಲು ಮಾಯವಾಗಿದ್ದು ಬೇಟೆಯಾಡುವ ಪ್ರಾಣಿಗಳು. ಉಳಿದವರಿಗೆ ಹಬ್ಬ. ಹೌಲರ್ ಮಂಗ, ಇಗ್ವಾನಾ, ಎಲೆ ಕತ್ತರಿಸುವ ಇರುವೆಗಳ ಸಂಖ್ಯೆ ದಡದ ಕಾಡಿಗಿಂತ ಹತ್ತರಿಂದ ನೂರು ಪಟ್ಟು ಏರಿತು. ಅಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ಜಾನ್ ಟೆರ್ಬೋರ್ಗ್ ತಂಡ 2001ರಲ್ಲಿ ಬರೆದಿದ್ದು ಓದಿದರೆ ಹೊಟ್ಟೆಯಲ್ಲಿ ಕಸಿವಿಸಿಯಾಗುತ್ತದೆ. ಎಲೆ ತಿನ್ನುವವರೇ ತುಂಬಿಕೊಂಡು ದೊಡ್ಡ ಮರಗಳ ಮರಿಗಿಡಗಳು ಏಳುವ ಮೊದಲೇ ಬೋಳು. ಇರುವೆಗಳನ್ನು ತಿನ್ನುತ್ತಿದ್ದ ಆರ್ಮಡಿಲ್ಲೊ ಇಲ್ಲ, ಸೈನಿಕ ಇರುವೆ ಇಲ್ಲ. ಹೇಳೋರು ಕೇಳೋರು ಯಾರೂ ಇಲ್ಲದ ಕಾಡು ಹೇಗೆ ತನ್ನನ್ನೇ ತಿಂದು ಮುಗಿಸುತ್ತದೆ ಎಂದು ನೋಡಬೇಕಾದರೆ ಅಲ್ಲಿಗೆ ಹೋಗಬೇಕು. ಹುಲಿ ಉಳಿಸಿ ಅನ್ನುವವರು ಸುಮ್ನೆ ಭಾವುಕರು ಎಂದು ಹೇಳುವ ಒಬ್ಬ ನೆಂಟರು ನನಗಿದ್ದಾರೆ. ಅವರಿಗೆ ನಾನು ಹೇಳುವುದು ಈ ಇರುವೆಯ ಕಥೆಯನ್ನೇ.

ಹಕ್ಕಿಗಳಿಗೆ ರೆಕ್ಕೆ ಇದೆಯಲ್ಲ, ಅವಕ್ಕೇನು ಕಷ್ಟ? ಹೀಗೂ ಕೇಳುತ್ತಾರೆ. ಪನಾಮಾ ಕಾಲುವೆಗಾಗಿ ಚಾಗ್ರೆಸ್ ನದಿಗೆ ಅಡ್ಡ ಕಟ್ಟಿ ಮಾಡಿದ ಗಟುನ್ ಸರೋವರದಲ್ಲಿ ಸಂಶೋಧಕರು ಒಂದು ಪ್ರಯೋಗ ಮಾಡಿದರು. ದಟ್ಟ ಕಾಡಿನ ಒಳಗೇ ಬದುಕುವ ಹಕ್ಕಿಗಳನ್ನು ದೋಣಿಯಲ್ಲಿ ಒಯ್ದು, ದಡದಿಂದ ಬೇರೆ ಬೇರೆ ದೂರದಲ್ಲಿ ಹಾರಿ ಬಿಟ್ಟರು. ಕೆಲವು ಸಲೀಸಾಗಿ ದಡ ಮುಟ್ಟಿದವು. ಕೆಲವು ಜಾತಿಯವು ನೂರು ಮೀಟರ್ ದಾಟಲೂ ಆಗದೆ ನೀರಿಗೆ ಬಿದ್ದವು. ದೋಣಿಯವರೇ ಎತ್ತಿಕೊಳ್ಳಬೇಕಾಯಿತು. ಕಾಡಿನ ಕತ್ತಲಲ್ಲಿ ಕೊಂಬೆಯಿಂದ ಕೊಂಬೆಗೆ ಹಾರಿಕೊಂಡಿದ್ದ ಹಕ್ಕಿಗೆ ಬಯಲಿನಲ್ಲಿ ಒಂದೇ ಉಸಿರಿಗೆ ಹಾರುವ ಪ್ರಸಂಗವೇ ಬಂದಿರಲಿಲ್ಲ. ನಮ್ಮ ಮಂಗಟ್ಟೆ ಹಾಗಲ್ಲ. ರೆಕ್ಕೆ ಬಡಿಯುವ ಸದ್ದು ಮಾಡುತ್ತಾ ಕಣಿವೆ ದಾಟಿ ಹೋಗಬಲ್ಲದು. ಆದರೆ ದಾಟಿ ಹೋದ ಕಡೆ ಗೂಡಿಗೆ ಪೊಟರೆ ಇರುವಷ್ಟು ದಪ್ಪ ಮರ ಬೇಕಲ್ಲ.

ದಾಟಲಾಗದವರ ಪಟ್ಟಿಯಲ್ಲಿ ನಮ್ಮ ಸಿಂಗಳೀಕವನ್ನು ಮೊದಲು ಬರೆಯಬೇಕು. ಪ್ರಪಂಚದಲ್ಲಿ ಪಶ್ಚಿಮ ಘಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲದ ಮಂಗ. ಕೇರಳದ ಸೈಲೆಂಟ್ ವ್ಯಾಲಿಯಲ್ಲಿ ಕುಂತಿಪುಳ ನದಿಗೆ ಅಣೆಕಟ್ಟು ಬೇಡ ಎಂದು 1970ರ ದಶಕದಲ್ಲಿ ನಡೆದ ಹೋರಾಟದ ಮುಖವೇ ಇದಾಗಿತ್ತು. ಕೊನೆಗೆ ಅಣೆಕಟ್ಟು ಬರಲಿಲ್ಲ, ರಾಷ್ಟ್ರೀಯ ಉದ್ಯಾನ ಬಂತು. ಸಿಂಗಳೀಕ ಇರುವ ಪ್ರದೇಶದ ಉತ್ತರ ತುದಿ ನಮ್ಮ ಶರಾವತಿ, ಅಘನಾಶಿನಿ ಕಣಿವೆಗಳು. ಇಲ್ಲಿ ಇಷ್ಟು ಗುಂಪುಗಳಿವೆ ಎಂದು ಸಂಶೋಧಕರು ಸರಿಯಾಗಿ ಎಣಿಸಿದ್ದೂ ಈ ಶತಮಾನದಲ್ಲೇ. ದಿನದ ಬಹುಪಾಲು ಮರದ ಮೇಲೆಯೇ ಕಳೆಯುತ್ತದೆ. ಕೊಂಬೆಗೆ ಕೊಂಬೆ ತಾಗಿರಬೇಕು. ಹೆಣ್ಣು ಮೊದಲ ಮರಿ ಹಾಕುವ ಹೊತ್ತಿಗೆ ಆರೇಳು ವರ್ಷ ಆಗಿರುತ್ತದೆ, ಇನ್ನೊಂದು ಮರಿಗೆ ಮತ್ತೆ ಎರಡು ಮೂರು ವರ್ಷ. ಕಳೆದುಕೊಂಡಿದ್ದನ್ನು ಬೇಗ ತುಂಬಿಕೊಳ್ಳುವ ಪ್ರಾಣಿಯಲ್ಲ. ಉಪ್ಪಾಗೆ, ರಾಮಪತ್ರೆ, ಹಲಸು ಇದರ ಊಟ. ಹುಳಿಗೆ ಬಳಸುವ ಉಪ್ಪಾಗೆ ಹಣ್ಣು ನಮಗೂ ಬೇಕು, ಅದೊಂದು ಬೇರೆ ಜಗಳ.

ಕಾಡು ಒಡೆಯುವುದು ನೀರಿನಿಂದ ಮಾತ್ರವಲ್ಲ. ಮುಳುಗಡೆಯ ಜನರನ್ನು ಎಬ್ಬಿಸಿ ಎಲ್ಲಿಗೆ ಕಳಿಸಿದರು? ಬೇರೆ ಕಾಡಿಗೆ. ಅಲ್ಲಿ ಮರ ಕಡಿದು, ಗದ್ದೆ ಮಾಡಿ, ಮನೆ ಕಟ್ಟಿಕೊಳ್ಳಿ ಎಂದರು. ಅರವತ್ತು ವರ್ಷದ ಮೇಲೆ ಇವತ್ತಿಗೂ ಎಷ್ಟೋ ಕುಟುಂಬಗಳಿಗೆ ಆ ಜಾಗದ ಹಕ್ಕುಪತ್ರ ಇಲ್ಲ. ಹಾಗಾಗಿ ಒಂದು ಅಣೆಕಟ್ಟು ಎರಡು ಕಾಡು ತೆಗೆಯಿತು, ಒಂದನ್ನು ನೀರಿನಿಂದ, ಇನ್ನೊಂದನ್ನು ಕೊಡಲಿಯಿಂದ. ಆ ಕೊಡಲಿ ಹಿಡಿದವರನ್ನು ಇವತ್ತು ಒತ್ತುವರಿದಾರರು ಎಂದು ಕರೆಯುವುದು ಯಾವ ನ್ಯಾಯವೋ ನನಗೆ ಗೊತ್ತಿಲ್ಲ.

ಇನ್ನು ಕೆಳಗೆ, ಹೊಳೆ ಸಮುದ್ರ ಸೇರುವ ಕಡೆ ಹೋಗೋಣ. ಹೊನ್ನಾವರದಲ್ಲಿ ಶರಾವತಿ, ಅದರಿಂದ ಸ್ವಲ್ಪ ಉತ್ತರಕ್ಕೆ ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ. ಒಂದೇ ಕರಾವಳಿ, ಒಂದೇ ಮಳೆ. ವ್ಯತ್ಯಾಸ ಅಂದರೆ ಅಘನಾಶಿನಿಗೆ ಅಣೆಕಟ್ಟಿಲ್ಲ. ಅಲ್ಲಿ ಮಳೆಗಾಲದಲ್ಲಿ ಸಿಹಿನೀರು ನುಗ್ಗುತ್ತದೆ, ಬೇಸಿಗೆಯಲ್ಲಿ ಉಪ್ಪುನೀರು ಒಳಗೆ ಏರುತ್ತದೆ. ಬಳಚು ಅನ್ನುವ ಚಿಪ್ಪುಜೀವಿ, ಏಡಿ, ಸಿಗಡಿ ಎಲ್ಲ ಈ ಏರಿಳಿತಕ್ಕೇ ಒಗ್ಗಿಕೊಂಡಿವೆ. ಇಳಿತದ ಹೊತ್ತಿಗೆ ಸೊಂಟದ ಮಟ್ಟದ ನೀರಿನಲ್ಲಿ ನಿಂತು ಬಳಚು ಆರಿಸುವ ಹೆಂಗಸರು ಅಲ್ಲಿ ಸಾಮಾನ್ಯ ದೃಶ್ಯ. ಶರಾವತಿಯಲ್ಲಿ ಕರೆಂಟು ಮಾಡಿ ಬಿಟ್ಟ ನೀರು ಬೇಸಿಗೆಯಲ್ಲೂ ನಿಲ್ಲದೆ ಬರುತ್ತದೆ. ಉಪ್ಪು ಏರಲು ಅವಕಾಶವೇ ಇಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯವರು ಈ ಎರಡು ಅಳಿವೆಗಳನ್ನು ಹೋಲಿಸಿ ನೋಡಿದ್ದಾರೆ. ಶರಾವತಿಯ ಕಡೆ ಬಳಚು ಬಹುಪಾಲು ಹೋಗಿದೆ, ಮೀನಿನ ಬಗೆಗಳೂ ಕಡಿಮೆ. ನೀರು ಬತ್ತಿ ಆದ ನಷ್ಟವಲ್ಲ ಇದು, ಹೊತ್ತಲ್ಲದ ಹೊತ್ತಿಗೆ ನೀರು ಬಂದು ಆದದ್ದು. "ಹೊಳೆ ತುಂಬಾ ನೀರಿದೆಯಲ್ಲ, ಇನ್ನೇನು?" ಅನ್ನುವವರಿಗೆ ಇದು ತಟ್ಟನೆ ಅರ್ಥವಾಗುವುದಿಲ್ಲ.

ಮೇಲೆ ಹತ್ತುವ ಮೀನುಗಳಿಗೂ ದಾರಿ ಕಟ್ಟು. ಮಲೆನಾಡಿನಲ್ಲಿ ಮೊದಲ ಮಳೆಗೆ ಹತ್ತುಮೀನಿನ ಸಂಭ್ರಮ ಗೊತ್ತಲ್ಲ. ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ, ಮೊಟ್ಟೆ ಇಡಲು ಹತ್ತಿ ಬರುತ್ತವೆ. ರಾತ್ರಿ ಟಾರ್ಚು, ಕತ್ತಿ ಹಿಡಿದು ಗದ್ದೆಗೆ ಇಳಿಯುವವರ ಗಲಾಟೆ. ಕಾಂಕ್ರೀಟ್ ಗೋಡೆ ಹತ್ತುವ ಮೀನು ಇನ್ನೂ ಹುಟ್ಟಿಲ್ಲ.

ಇಷ್ಟು ಬರೆದ ಮೇಲೆ ಲಾಭ ಆದವರ ಹೆಸರನ್ನೂ ಹೇಳಬೇಕು. ಭದ್ರಾ ಜಲಾಶಯದಲ್ಲಿ, ಲಕ್ಕವಳ್ಳಿಯ ಹತ್ತಿರ, ಬೇಸಿಗೆಯಲ್ಲಿ ನೀರು ಇಳಿದಾಗ ಮೇಲೇಳುವ ದಿಬ್ಬಗಳ ಮೇಲೆ ರಿವರ್ ಟರ್ನ್ ಹಕ್ಕಿಗಳು ಬಂದು ಮೊಟ್ಟೆ ಇಡುತ್ತವೆ. ಬರೀ ಕಲ್ಲುನೆಲದ ಮೇಲೆ, ಗೂಡಿಲ್ಲ ಏನಿಲ್ಲ. ಹೊಳೆಗಳ ಮರಳುದಿಬ್ಬಗಳನ್ನು ನಾವು ಲಾರಿಯಲ್ಲಿ ತುಂಬಿಸಿ ಕಳಿಸಿದ ಮೇಲೆ ಅವಕ್ಕೆ ಇದೇ ಗತಿ. ಕಬಿನಿಯಲ್ಲಿ ಬೇಸಿಗೆಗೆ ಹಿನ್ನೀರು ಸರಿದ ಕಡೆ ಹಸಿರು ಹುಲ್ಲು ಬರುತ್ತದೆ, ನೂರಾರು ಆನೆ ಸೇರುತ್ತವೆ. ಆ ಫೋಟೊ ನೋಡಿ ಅಣೆಕಟ್ಟಿನಿಂದ ಆನೆಗೆ ಒಳ್ಳೆಯದೇ ಆಯಿತು ಅನ್ನುವವರಿದ್ದಾರೆ. ಒಂದು ಮಟ್ಟಿಗೆ ನಿಜವೇ. ಆದರೆ ಅಷ್ಟೊಂದು ಆನೆ ಒಂದೇ ಕಡೆ ಸೇರುವುದು ಸುತ್ತಲೂ ಬೇಸಿಗೆಯ ನೀರು, ಮೇವು ಬೇರೆಲ್ಲೂ ಇಲ್ಲದ್ದಕ್ಕೂ ಹೌದು. ಮೊದಲು ಅವಕ್ಕಿದ್ದ ಹೊಳೆದಂಡೆಯ ಕಾಡು ಆ ನೀರಿನಡಿಯೇ ಇದೆ. ಇನ್ನು ನೀರುಕಾಗೆ, ಬೆಳ್ಳಕ್ಕಿ, ಬಾತುಗಳಿಗಂತೂ ಹಿನ್ನೀರು ಹಬ್ಬವೇ. ಅವು ಕೆರೆಯಲ್ಲೂ ಬದುಕುತ್ತವೆ, ಬಯಲುಸೀಮೆಯಲ್ಲೂ ಬದುಕುತ್ತವೆ. ಕಳೆದುಕೊಂಡ ಪಟ್ಟಿಯಲ್ಲಿರುವವರಿಗೆ ಬೇರೆ ಊರಿಲ್ಲ.

ಕರೆಂಟಿನ ಮಾತೂ ಬರಬೇಕಲ್ಲ. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವಾಟ್. ಒಂದು ಕಾಲದಲ್ಲಿ ಕರ್ನಾಟಕದ ಮನೆ, ಪಂಪ್‌ಸೆಟ್, ಕಾರ್ಖಾನೆಗಳೆಲ್ಲ ಹೆಚ್ಚಾಗಿ ಇದರ ಮೇಲೇ ನಿಂತಿದ್ದವು. ಈ ಬರಹ ಟೈಪ್ ಮಾಡುತ್ತಿರುವ ಕರೆಂಟಿನಲ್ಲೂ ಅದರ ಪಾಲು ಇರಬಹುದು. ಬಾಲ್ಬಿನಾದಲ್ಲಿ ಒಂದು ಮೆಗಾವಾಟಿಗೆ ಒಂಬತ್ತು ಚದರ ಕಿಲೋಮೀಟರಿಗೂ ಜಾಸ್ತಿ ಕಾಡು ಹೋಯಿತು. ನಮ್ಮಲ್ಲಿ ಅದರ ಮೂವತ್ತನೇ ಒಂದು ಪಾಲು. ಘಟ್ಟದಿಂದ ನೀರು ಅಷ್ಟು ಎತ್ತರದಿಂದ ಬೀಳುವುದರಿಂದ ಆದ ಲಾಭ ಇದು. ಸಮತಟ್ಟು ಕಾಡಿನಲ್ಲಿ ಅಣೆಕಟ್ಟು ಕಟ್ಟುವುದು ಎಲ್ಲ ಲೆಕ್ಕದಲ್ಲೂ ಪೆದ್ದುತನ. ಮುಳುಗಿದ ಮರಗಳು ಕೊಳೆತು ಬಿಡುವ ಮೀಥೇನ್ ಸೇರಿಸಿದರೆ ಬಾಲ್ಬಿನಾ ಕಲ್ಲಿದ್ದಲು ಸ್ಥಾವರಕ್ಕಿಂತಲೂ ಕೊಳಕು ಎಂದು ಸಂಶೋಧಕರು ಲೆಕ್ಕ ಹಾಕಿದ್ದಾರೆ. ಹಾಗಾಗಿ ಜಲವಿದ್ಯುತ್ ಒಳ್ಳೆಯದೋ ಕೆಟ್ಟದೋ ಎಂದು ಯಾರಾದರೂ ಕೇಳಿದರೆ, ಯಾವ ಹೊಳೆ, ಯಾವ ಕಣಿವೆ ಎಂದು ನಾನು ತಿರುಗಿ ಕೇಳುತ್ತೇನೆ.

ಈಗ ಶರಾವತಿಯಲ್ಲಿ ಮತ್ತೊಂದು ಯೋಜನೆಯ ಮಾತು. ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್. ಕರೆಂಟು ಜಾಸ್ತಿ ಇದ್ದಾಗ ಕೆಳಗಿನ ನೀರನ್ನು ಮೇಲೆತ್ತುವುದು, ಬೇಕಾದಾಗ ಮತ್ತೆ ಬಿಟ್ಟು ಟರ್ಬೈನ್ ತಿರುಗಿಸುವುದು. ಸೋಲಾರ್, ಗಾಳಿ ವಿದ್ಯುತ್ ಹೆಚ್ಚಾದ ಹಾಗೆ ಇಂಥದ್ದೊಂದು ಬೇಕು ಅನ್ನುವುದು ಸುಳ್ಳಲ್ಲ. ಹೊಸ ಅಣೆಕಟ್ಟಿಲ್ಲ, ಸುರಂಗ ನೆಲದಡಿ ಹೋಗುತ್ತದೆ, ಕಾಡಿಗೇನೂ ಆಗುವುದಿಲ್ಲ ಎನ್ನುತ್ತಾರೆ ಪರವಾಗಿರುವವರು. ಮುಳುಗಡೆಯ ಎಕರೆ ನಿಜಕ್ಕೂ ಹಳೆಯ ಯೋಜನೆಗಳ ಮುಂದೆ ಏನೇನೂ ಅಲ್ಲ. ಆದರೆ ಇದು 2019ರಲ್ಲಿ ಸಿಂಗಳೀಕಕ್ಕಾಗಿಯೇ ವಿಸ್ತರಿಸಿದ, 930 ಚದರ ಕಿಲೋಮೀಟರಿನ ಅಭಯಾರಣ್ಯದ ಒಳಗೆ ಬರುವ ಯೋಜನೆ. ಸುರಂಗ ಕೊರೆಯಲು ಯಂತ್ರ ಹೋಗಬೇಕು, ಅದಕ್ಕೆ ರಸ್ತೆ ಅಗಲವಾಗಬೇಕು. ಕೊರೆದ ಕಲ್ಲು ಮಣ್ಣನ್ನು ಎಲ್ಲೋ ಸುರಿಯಬೇಕು. ತಯಾರಾದ ಕರೆಂಟು ತಂತಿಯ ಮೇಲೆ ಹೊರಗೆ ಹೋಗಬೇಕು. 220 ಕೆವಿ (ಕಿಲೋವೋಲ್ಟ್) ತಂತಿಯ ದಾರಿಗೆ 35 ಮೀಟರ್ ಅಗಲ, 400 ಕೆವಿಗೆ 46ರಿಂದ 52 ಮೀಟರ್. ಅಷ್ಟು ಅಗಲವನ್ನೂ ಬೋಳಿಸದೆ ಇರಬಹುದು, ಆದರೆ ತಂತಿಯ ಹತ್ತಿರ ಬೆಳೆಯುವ ಮರವನ್ನು ಯಾರೂ ಬಿಡುವುದಿಲ್ಲ. ನೆಲಕ್ಕೆ ಇಳಿಯಲು ಹಿಂಜರಿಯುವ ಮಂಗಕ್ಕೆ ಆ ಪಟ್ಟಿ ಇನ್ನೊಂದು ಹೊಳೆ. ತಮಿಳುನಾಡಿನ ವಾಲ್ಪಾರೈಯಲ್ಲಿ ರಸ್ತೆ ದಾಟಲು ಸಿಂಗಳೀಕಗಳಿಗೆ ಮರದಿಂದ ಮರಕ್ಕೆ ಹಗ್ಗದ ಸೇತುವೆ ಕಟ್ಟಿಕೊಟ್ಟಿದ್ದಾರೆ, ಅವು ಬಳಸುತ್ತವೆ ಕೂಡ. ಹೈಟೆನ್ಷನ್ ತಂತಿಯ ಕೆಳಗೆ ಅಂಥದ್ದನ್ನು ಕಟ್ಟುವುದು ಹೇಗೆ?

ಹಾಗಾಗಿ ಇಂಥ ಯೋಜನೆಯ ವರದಿ ಕೈಗೆ ಬಂದರೆ, ಎಷ್ಟು ಎಕರೆ ಮುಳುಗುತ್ತದೆ, ಎಷ್ಟು ಮರ ಕಡಿಯುತ್ತಾರೆ ಅನ್ನುವ ಪುಟಗಳನ್ನು ನಾನು ಆಮೇಲೆ ಓದುತ್ತೇನೆ. ಮೊದಲು ನಕ್ಷೆ ತೆಗೆದು, ತಂತಿ, ರಸ್ತೆ, ಮಣ್ಣು ಸುರಿಯುವ ಜಾಗ ಇವು ಯಾವ ಯಾವ ಹಳ್ಳದ ಮೇಲೆ ಬೀಳುತ್ತವೆ, ಅವುಗಳ ಎರಡು ಬದಿಯ ಕಾಡಿನಲ್ಲಿ ಸಿಂಗಳೀಕದ ಎಷ್ಟು ಗುಂಪು ಇವೆ ಎಂದು ನೋಡುತ್ತೇನೆ. ಸಾಗರ, ಹೊಸನಗರ, ಹೊನ್ನಾವರದ ಕಡೆಯವರು ಯಾರಾದರೂ ಈ ನಕ್ಷೆಯನ್ನು ಕೂತು ಸರಿಯಾಗಿ ನೋಡಿದ್ದರೆ ಕೆಳಗೆ ಕಾಮೆಂಟಿನಲ್ಲಿ ಬರೆಯಿರಿ. ಹಳ್ಳದ ಹೆಸರು ಸಮೇತ ಬರೆದರೆ ಇನ್ನೂ ಒಳ್ಳೆಯದು.